ಕಾಕಾ ತರಿಸಿದ ಲಿಫ್ಟು

ನಮ್ಮ ಕಾಕಾ ತನ್ನ ಜೀವಮಾನದಲ್ಲಿ ಒಂದು ಬೋಲ್ಟನ್ನೂ ಸ್ವಂತ ಕೈಯಿಂದ ಬಿಗಿದವನಲ್ಲ. ಯಂತ್ರಗಳ ಬಗ್ಗೆ ಅವನಿಗಿದ್ದ ತಿಳುವಳಿಕೆಯೆಲ್ಲ ಮೊಬೈಲಿನ ವಿಡಿಯೋಗಳಿಂದ ಬಂದದ್ದು. ಅವನ್ನೂ ಅವನು ಪೂರ್ತಿ ನೋಡುತ್ತಿರಲಿಲ್ಲ. ಅರ್ಧ ನೋಡಿ, ಉಳಿದರ್ಧವನ್ನು ಪಕ್ಕದಲ್ಲಿದ್ದವರಿಗೆ ತಾನೇ ವಿವರಿಸುತ್ತಿದ್ದ. ಆದರೂ ಮಕ್ತಲಿನ ನಮ್ಮ ಮನೆಗೆ ಯಾವ ಯಂತ್ರ ಬರಬೇಕು, ಅದನ್ನು ಎಲ್ಲಿಡಬೇಕು, ಯಾರು ಮುಟ್ಟಬಾರದು ಎಂದು ತೀರ್ಮಾನಿಸುವವನು ಅವನೇ. ಅದರಲ್ಲಿ ಕೆಲಸ ಮಾಡುವವನು ಮಾತ್ರ ಅಪ್ಪ.

ನಮ್ಮದು ಕುರಿ ವ್ಯಾಪಾರದ ಮನೆ. ಮನೆಗೊಂದು ಪಿಕಪ್ ಗಾಡಿ ಇತ್ತು, ಈಗಲೂ ಇದೆ. ವಾರದ ಸಂತೆಗಳಿಗೆ ಅದು ಕುರಿ ಒಯ್ಯುತ್ತದೆ. ಓಡಿಸುವವನು ಅಪ್ಪ, ಹಿಕ್ಕೆ ಬಳಿದು ತೊಳೆಯುವವನು ಅಪ್ಪ, ಕೆಳಗೆ ಮಲಗಿ ಗ್ರೀಸ್ ಹಚ್ಚುವವನು ಅಪ್ಪ. ಕಾಕಾ ಎಡಗಡೆಯ ಸೀಟಿನಲ್ಲಿ ಕೂತು ದಾರಿಯುದ್ದಕ್ಕೂ ಮಾತಾಡುತ್ತಾನೆ. ಇಬ್ಬರೂ ಸೇರಿ ಗಾಡಿ ನಡೆಸುತ್ತೇವೆ ಎಂದು ಅವನು ಬಂದವರಿಗೆ ಹೇಳುವಾಗ ಅಪ್ಪ ತಲೆಯಾಡಿಸುತ್ತಾನೆ.

ಗಾಡಿ ಕೆಟ್ಟರೆ ಕೃಷ್ಣೆ ದಾಟಿ, ಗಡಿಯಾಚೆ ಕರ್ನಾಟಕದ ರಾಯಚೂರಿಗೆ ಒಯ್ಯುವುದು ನನಗೆ ತಿಳಿವಳಿಕೆ ಬಂದಾಗಿನಿಂದ ಇದ್ದ ಪದ್ಧತಿ. ಅಲ್ಲಿ ವಯಸ್ಸಾದ ಒಬ್ಬ ಮೇಸ್ತ್ರಿ ಇದ್ದಾನೆ. ಅವನ ಶೆಡ್ಡಿನ ನಡುವೆ ಸಿಮೆಂಟಿನಲ್ಲಿ ಕಟ್ಟಿದ ಗುಂಡಿ. ಗಾಡಿಯನ್ನು ಗುಂಡಿಯ ಮೇಲೆ ನಿಲ್ಲಿಸಿದರೆ ಅವನು ಮೆಟ್ಟಿಲಿಳಿದು ಹೋಗಿ, ನಿಂತುಕೊಂಡೇ ಕೆಲಸ ಮುಗಿಸಿ ಬರುತ್ತಾನೆ. ಗಾಡಿಯ ನಾಲ್ಕು ಚಕ್ರಗಳೂ ನೆಲದ ಮೇಲೆಯೇ ಇರುತ್ತವೆ. ನಾನು ನೋಡಿದ ವ್ಯವಸ್ಥೆಗಳಲ್ಲಿ ಇಷ್ಟು ಸರಳವಾದದ್ದು, ತಪ್ಪಾಗಲು ಇಷ್ಟು ಕಡಿಮೆ ಅವಕಾಶವಿರುವಂಥದ್ದು ಹೆಚ್ಚಿಲ್ಲ.

ನದಿಯ ಈಚೆಗಿನ ನಮ್ಮ ಕಡೆಗೆ ಪ್ರತ್ಯೇಕವಾದ ಹೊಸ ರಾಜ್ಯ ಬಂದ ಮೇಲೆ ಕಾಕಾನಿಗೆ ಈ ಗುಂಡಿ ಸಹಿಸದಾಯಿತು. ಅದರ ಚಳವಳಿಯ ದಿನಗಳಲ್ಲಿ ಅವನು ಎರಡು ಸಲ ರಾಸ್ತಾರೋಕೋದಲ್ಲಿ ಕೂತಿದ್ದ, ಎರಡೂ ಸಲ ಬೇವಿನ ನೆರಳು ಬೀಳುವ ಜಾಗ ನೋಡಿ. ರಾಜ್ಯ ಬಂದದ್ದನ್ನು ಅವನು ಅಲ್ಲಿಂದೀಚೆಗೆ ಸ್ವಂತ ಸಂಪಾದನೆಯ ಹಾಗೆ ಬಳಸುತ್ತಿದ್ದ. ಗಾಡಿಯ ಗೇರ್ ಬಾಕ್ಸಿನ ಸೀಲು ಹೋಗಿ ಎಣ್ಣೆ ಸೋರಲು ಶುರುವಾದಾಗ ಅಪ್ಪ ರಾಯಚೂರಿನ ಮಾತೆತ್ತಿದ.

"ಅಣ್ಣಾ, ನಮ್ಮ ರಾಜ್ಯ ನಮಗ ಬಂತು. ಇನ್ನೂ ನಮ್ಮ ಗಾಡಿ ನೋಡಾಕ ಕರ್ನಾಟಕದವನ ಗುಂಡಿ ಬೇಕೇನು ನಮಗ? ನಮ್ಮ ಗಾಡಿ ನಾವ ಎತ್ತಬೇಕು."

ಇದನ್ನು ಅವನು ಹೇಳಿದ್ದು ಕನ್ನಡದಲ್ಲಿ. ಅದರಲ್ಲೊಂದು ವಿಚಿತ್ರವಿದೆ ಎಂದು ಮನೆಯಲ್ಲಿ ಯಾರಿಗೂ ಅನ್ನಿಸಿದಂತೆ ಕಾಣಲಿಲ್ಲ.

ಎತ್ತುವುದಕ್ಕೆ ಅವನು ಫೋನಿನಲ್ಲೇ ಒಂದು ಲಿಫ್ಟು ತರಿಸಿದ. ಮನೆಯಲ್ಲಿ ಇಟ್ಟುಕೊಳ್ಳಬಹುದಾದ, ಬೇಕೆಂದಾಗ ಎಳೆದು ತಂದು ಹಾಸಬಹುದಾದ ಬಗೆಯದು. ಪಾರ್ಸೆಲ್ಲು ನಾರಾಯಣಪೇಟೆಯವರೆಗೆ ಮಾತ್ರ ಬಂತು. ನಾನು ಆಗ ಭೌತಶಾಸ್ತ್ರದ ಎಂ.ಎಸ್ಸಿ. ಮುಗಿಸಿ ಅಲ್ಲಿಯ ಒಂದು ಖಾಸಗಿ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದೆ. ಸಂಜೆ ಕಾಲೇಜು ಬಿಟ್ಟ ಮೇಲೆ ಅಪ್ಪ, ಕಾಕಾ ಗಾಡಿ ತಂದರು. ನಾಲ್ಕು ಜನ ಹಿಡಿದು ಎರಡು ಉದ್ದನೆಯ ಪೆಟ್ಟಿಗೆಗಳನ್ನು ಹಿಂದೆ ಏರಿಸಿದರು. ಕಾಕಾ ಆ ನಾಲ್ಕು ಜನರಲ್ಲಿರಲಿಲ್ಲ. ದಾರಿಯಲ್ಲಿ ಅವನು ಅದರ ಪುಸ್ತಕವನ್ನು ನನ್ನ ಕೈಗಿಟ್ಟ.

"ಇಂಗ್ಲಿಷಿನಾಗ ಐತಿ. ಓದಿ ಇಟ್ಟಿರವಾ. ನಾ ಕೇಳಿದಾಗ ಹೇಳಿದ್ರ ಸಾಕು."

ನಾನು ಎರಡು ಸಲ ಓದಿದೆ. ಯಂತ್ರ ಕೆಟ್ಟದ್ದೇನಲ್ಲ. ಎರಡು ಕಬ್ಬಿಣದ ಚೌಕಟ್ಟುಗಳು, ಗಾಡಿಯ ಎಡಕ್ಕೊಂದು ಬಲಕ್ಕೊಂದು ಕೆಳಗೆ ತೂರಿಸಬೇಕು. ಅವುಗಳ ಮೇಲೆ ನಾಲ್ಕು ದಪ್ಪ ರಬ್ಬರ್ ಗಟ್ಟಿಗಳು. ಗಾಡಿಯ ಚಾಸಿ ಕೂರುವುದು ಅವುಗಳ ಮೇಲೆ. ಒಂದು ಸಣ್ಣ ಮೋಟಾರು ಎಣ್ಣೆಯನ್ನು ತಳ್ಳುತ್ತದೆ, ಬಟನ್ ಒತ್ತಿದರೆ ಚೌಕಟ್ಟುಗಳು ಮೊಣಕಾಲಿಗಿಂತ ತುಸು ಮೇಲಕ್ಕೆ ಏಳುತ್ತವೆ, ಕೊಕ್ಕೆ ಬಿದ್ದು ಅಲ್ಲೇ ನಿಲ್ಲುತ್ತವೆ. ಷರತ್ತುಗಳು ಮೂರೇ. ನೆಲ ಸಮತಟ್ಟಾದ ಕಾಂಕ್ರೀಟಿನದಾಗಿರಬೇಕು. ಕೊಕ್ಕೆ ಬೀಳದೆ ಯಾರೂ ಕೆಳಗೆ ಹೋಗಬಾರದು. ರಬ್ಬರು ಒಣಗಿರಬೇಕು, ಅದಕ್ಕೆ ಎಣ್ಣೆ, ಗ್ರೀಸು ತಾಗಬಾರದು. ಇವನ್ನು ನಾನು ಒಂದು ಹಾಳೆಯ ಮೇಲೆ ಕನ್ನಡದಲ್ಲಿ ದುಂಡಗೆ ಬರೆದು ಕಾಕಾನಿಗೆ ಕೊಟ್ಟೆ. ಅವನು ಮಡಚಿ ಅಂಗಿಯ ಜೇಬಿನಲ್ಲಿಟ್ಟುಕೊಂಡ. ಮರುದಿನ ನೋಡಿದರೆ ಅದರಲ್ಲಿ ಅಡಿಕೆಪುಡಿ ಕಟ್ಟಿಕೊಂಡಿದ್ದ.

ನನಗೆ ಸಿಟ್ಟು ಬರಲಿಲ್ಲ. ಸಿಟ್ಟು ಬರಬೇಕಾದರೆ ಎದುರಿನವರಿಂದ ಏನಾದರೂ ನಿರೀಕ್ಷೆ ಇರಬೇಕು.

ಭಾನುವಾರ ಬೆಳಿಗ್ಗೆ ಗಾಡಿ ಎತ್ತುವುದೆಂದಾಯಿತು. ಅದಕ್ಕೆ ಗದ್ವಾಲದಿಂದ ಕಾಕಾನ ಹೆಂಡತಿಯ ತಮ್ಮ ಬಂದ. ಅಲ್ಲಿ ಹೊಸ ಮನೆ ಕಟ್ಟಿ, ಕಾರಿಗೆಂದೇ ಒಂದು ಕೋಣೆ ಮಾಡಿಸಿ, ಅದನ್ನು ಕಂಡವರಿಗೆಲ್ಲ ತೋರಿಸಿದವನು. ಕಾಕಾನಿಗೆ ಆ ಕೋಣೆ ಎದೆಯಲ್ಲಿ ಕೂತಿತ್ತು. ಗೇರ್ ಬಾಕ್ಸಿನ ಸೀಲು ನೆಪ ಎಂದು ನನಗೆ ಗೊತ್ತಾದದ್ದು ಗದ್ವಾಲದವನು ಬಿಳಿ ಪ್ಯಾಂಟು ಹಾಕಿಕೊಂಡು ಇಳಿದಾಗ. ಕಾಕಾ ಕೂಡ ಬಿಳಿ ಅಂಗಿ, ಬಿಳಿ ಪಂಚೆಯಲ್ಲಿದ್ದ. ರಿಪೇರಿಯ ದಿನ ಬಿಳಿ ಬಟ್ಟೆ ಹಾಕಿಕೊಂಡವರಲ್ಲಿ ಯಾರೂ ಗಾಡಿಯ ಕೆಳಗೆ ಹೋಗುವವರಲ್ಲ. ಹೋಗುವವನು ಹರಕು ಬನಿಯನ್ನಿನಲ್ಲಿ ಒಂದು ಪಕ್ಕ ಕೂತು ಸ್ಪ್ಯಾನರುಗಳನ್ನು ಹೊಂದಿಸಿಡುತ್ತಿದ್ದ.

"ಏಮಿ ಬಾವಾ, ಇದ ಏನು ನಿನ್ನ ವಿಮಾನ?" ಎಂದ ಗದ್ವಾಲದವನು ಚೌಕಟ್ಟುಗಳನ್ನು ನೋಡಿ. "ಹೊರಸಿನ ಕಾಲು ಮುರದಂಗ ಐತಲ್ಲ!"

"ಏಳಲಿ ತಡಿ. ಆಮ್ಯಾಲ ಮಾತಾಡು."

"ಎದ್ರ ಏಳಲಿ. ನಾನಂತೂ ವಿಡಿಯೋ ಹಿಡಿತೀನಿ. ಏಳಲಿಲ್ಲಂದ್ರೂ ಹಿಡಿತೀನಿ."

ನಮ್ಮ ಮನೆಗೆ ಹೊಸದಾಗಿ ಬಂದ ಕಬ್ಬಿಣಕ್ಕೆ ಮೊದಲು ಎಣ್ಣೆ ಹಚ್ಚಿ, ಅದರ ಮೇಲೆ ಮನೆದೇವರು ಬೀರಪ್ಪನ ಭಂಡಾರ ಸವರುವ ಪದ್ಧತಿ ಇದೆ. ಭಂಡಾರವೆಂದರೆ ಗುಡಿಯಿಂದ ತಂದ ಅರಿಶಿನದ ಪುಡಿ. ಎಣ್ಣೆ ಇಲ್ಲದಿದ್ದರೆ ಅದು ನಿಲ್ಲುವುದಿಲ್ಲ, ಹಾರಿಹೋಗುತ್ತದೆ. ಉಣ್ಣೆ ಕತ್ತರಿಸುವ ಕತ್ತರಿಯಿಂದ ಶುರುವಾದ ಪದ್ಧತಿ ಇರಬೇಕು, ಕತ್ತರಿಗೆ ಎಣ್ಣೆ ಬಿದ್ದರೆ ತುಕ್ಕು ಹಿಡಿಯುವುದಿಲ್ಲ. ಆ ಪದ್ಧತಿಯನ್ನು ನಾನು ಹೀಗಳೆಯುವುದಿಲ್ಲ. ಅದನ್ನು ಮಾಡಿದವರು ಕತ್ತರಿಯನ್ನು ಬಲ್ಲವರು.

ಅವ್ವ ಶೇಂಗಾ ಎಣ್ಣೆಯ ಬಟ್ಟಲು, ಭಂಡಾರದ ಚೀಲ ನನ್ನ ಕೈಗೆ ಕೊಟ್ಟಳು. ನಾನು ಎರಡೂ ಚೌಕಟ್ಟುಗಳ ಕಬ್ಬಿಣಕ್ಕೆ ಹಚ್ಚಿದೆ. ನಾಲ್ಕು ರಬ್ಬರುಗಳನ್ನು ಬಿಟ್ಟೆ. ಕಾಕಾ ಬಂದು ಬಗ್ಗಿ ನೋಡಿದ.

"ಇವನ್ನ ಯಾಕ ಬಿಟ್ಟಿ?"

"ರಬ್ಬರಿಗೆ ಎಣ್ಣೆ ತಾಗಬಾರದು ಅಂತ ಐತಿ ಕಾಕಾ. ಜಾರತೈತಿ. ಬರದು ಕೊಟ್ಟಿದ್ನಲ್ಲ."

"ಗಾಡಿ ಕೂಡೋದ ಅದರ ಮ್ಯಾಲ. ಅದನ್ನ ಬಿಟ್ಟು ಬರೇ ಕಾಲಿಗೆ ಹಚ್ಚಿ ಕುಂತೀಯಲ್ಲ. ಬೀರಪ್ಪನಕಿಂತ ನಿನ್ನ ಪುಸ್ತಕ ದೊಡ್ಡದೇನು?"

ಅವನು ಬಟ್ಟಲಿನಲ್ಲಿ ಅಂಗೈ ಅದ್ದಿ ನಾಲ್ಕೂ ರಬ್ಬರಿಗೆ ಸವರಿದ, ಭಂಡಾರ ಒತ್ತಿದ, ಕೈಯನ್ನು ನನ್ನ ಕಡೆ ಚಾಚಿ ಒರೆಸಲು ಬಟ್ಟೆ ಕೇಳಿದ. ಅವನು ತನ್ನ ಕೈಯಾರೆ ಯಂತ್ರಕ್ಕೆ ಮಾಡಿದ ಕೆಲಸ ಅದೊಂದೇ.

ನೆಲದ ಮಾತೂ ಇತ್ತು. ನಮ್ಮ ಅಂಗಳಕ್ಕೆ ಫರಸಿ ಕಲ್ಲು ಹಾಸಿದೆ. ನಾನು ಒಂದು ತಂಬಿಗೆ ನೀರು ತಂದು ಗಾಡಿಯ ಮುಂದೆ ಸುರಿದೆ. ನೀರು ಚಕ್ರಗಳ ನಡುವೆ ಹಾದು, ಹಿಂದಿನ ಬಚ್ಚಲ ಕಾಲುವೆಯ ಕಡೆ ನೆಟ್ಟಗೆ ಓಡಿತು.

"ನೋಡು ಕಾಕಾ, ನೆಲ ಇಳಿಜಾರೈತಿ."

"ಇರಾಕ ಬೇಕಲ್ಲ. ನೀರು ನಿಲ್ಲಬಾರದಂತ ನಾನ ಮುಂದ ನಿಂತು ಹಾಸಿಸೀನಿ," ಎಂದು ಅವನು ಗದ್ವಾಲದವನ ಕಡೆ ತಿರುಗಿ ಆ ಕಲ್ಲು ಎಲ್ಲಿಂದ ತರಿಸಿದ್ದೆಂದು ಹೇಳಲು ಶುರುಮಾಡಿದ.

ನಾನು ಎರಡು ಸಲ ಹೇಳಿದ್ದೆ. ಮೂರನೆಯ ಸಲ ಹೇಳುವುದು ನನ್ನ ಸ್ವಭಾವದಲ್ಲಿಲ್ಲ. ಪುಸ್ತಕ ಹಿಡಿದುಕೊಂಡು ತುಳಸಿಕಟ್ಟೆಗೆ ಒರಗಿ ನಿಂತೆ. ಕಾಕಾ ಬಟನ್ ಒತ್ತಿದ. ಮೋಟಾರು ಗುಂಯ್ಗುಟ್ಟಿತು, ಚೌಕಟ್ಟುಗಳು ಮಡಚಿದ ಕಾಲು ಬಿಡಿಸಿದವು, ಗಾಡಿ ಎದ್ದಿತು. ಕೊಕ್ಕೆಗಳು ಟಕ್ ಎಂದು ಎರಡೂ ಕಡೆ ಬಿದ್ದವು. ಚಕ್ರಗಳು ನೆಲ ಬಿಟ್ಟು ಗಾಳಿಯಲ್ಲಿ ನಿಧಾನವಾಗಿ ತಿರುಗಿದವು. ಗೋಡೆಯಾಚೆಯಿಂದ ಇಣುಕುತ್ತಿದ್ದ ಪಕ್ಕದ ಮನೆಯವರು ಹೋ ಎಂದರು. ಕಾಕಾ ಎರಡೂ ಕೈ ಸೊಂಟದ ಮೇಲಿಟ್ಟು, ತಾನೇ ಭುಜ ಕೊಟ್ಟು ಎತ್ತಿದವನ ಹಾಗೆ ಉಸಿರು ಬಿಟ್ಟ.

ಇಲ್ಲಿ ನನ್ನ ಬಗ್ಗೆಯೂ ಒಂದು ಮಾತು ಬರೆಯಬೇಕು. ಗಾಡಿ ಏಳುತ್ತಿರುವಾಗ ಅದು ಜಾರಿ ಬೀಳಲಿ ಎಂದು ನಾನು ಬಯಸಿದೆ. ಗದ್ವಾಲದವನ ಮೊಬೈಲಿನ ಎದುರಿಗೆ, ಆ ಬಿಳಿ ಪಂಚೆಯ ಎದುರಿಗೆ ಬೀಳಲಿ, ಆಮೇಲೆ ನಾನು ಪುಸ್ತಕದ ಆ ಪುಟ ತೆರೆದು ಏನೂ ಹೇಳದೆ ಅವನ ಕೈಗೆ ಕೊಡುತ್ತೇನೆ ಎಂದು ಯೋಚಿಸುತ್ತ ನಿಂತಿದ್ದೆ. ಅಷ್ಟರಲ್ಲಿ ಅಪ್ಪ ತಲೆಗೆ ಟವೆಲ್ ಸುತ್ತಿಕೊಂಡು, ಗೋಣಿತಾಟನ್ನು ಗಾಡಿಯ ಪಕ್ಕ ಹಾಸಿದ.

ನಾನು ಬಗ್ಗಿ ನೋಡಿದೆ. ಎಡಗಡೆಯ ಹಿಂದಿನ ರಬ್ಬರಿನ ಮೇಲೆ ಚಾಸಿಯ ಮುಂದೆ ಒಂದು ಬೆರಳಗಲದ ಪಟ್ಟಿ ಕಾಣುತ್ತಿತ್ತು, ಭಂಡಾರ ಒರೆಸಿಹೋದ, ಎಣ್ಣೆಯಿಂದ ಹೊಳೆಯುವ ಕಪ್ಪು ಪಟ್ಟಿ. ಗಾಡಿ ಮೇಲೇರುವಾಗಲೇ ಹಿಂದಕ್ಕೆ, ಬಚ್ಚಲ ಕಡೆಗೆ ಅಷ್ಟು ಸರಿದಿತ್ತು. ಇನ್ನು ಎರಡು ಬೆರಳು ಸರಿದರೆ ರಬ್ಬರು ಮುಗಿಯುತ್ತಿತ್ತು.

"ಅಪ್ಪಾ, ಹೋಗಬ್ಯಾಡ. ಗಾಡಿ ಸರದೈತಿ."

ಅಪ್ಪ ನನ್ನನ್ನು ನೋಡಿದ, ಆಮೇಲೆ ಕಾಕಾನನ್ನು ನೋಡಿದ. ಗದ್ವಾಲದವನು ನಡುವೆ ನಿಂತಿದ್ದ. ಬೀಗರ ಎದುರಿಗೆ ತಮ್ಮನ ಮಾತು ತೆಗೆದುಹಾಕುವವನಲ್ಲ ಅಪ್ಪ. ಪ್ರಾಣದ ಪ್ರಶ್ನೆ ಬಂದರೂ ಮರ್ಯಾದೆಯ ಲೆಕ್ಕವೇ ಮೊದಲು ನಮ್ಮ ಮನೆಯಲ್ಲಿ, ಅದೂ ಬೇರೆಯವರ ಮರ್ಯಾದೆ.

"ಹೆಣ್ಣುಮಕ್ಕಳು ಹೆದರತಾರ," ಎಂದ ಕಾಕಾ. "ಅಣ್ಣಾ, ನೀ ಹೋಗು ಒಳಗ. ಅರ್ಧ ತಾಸಿನ ಕೆಲಸ."

ಅಪ್ಪ ಗೋಣಿತಾಟಿನ ಮೇಲೆ ಕೂತು, ಒಂದು ಕೈಯಲ್ಲಿ ಸ್ಪ್ಯಾನರು ಹಿಡಿದು, ಮಲಗಲು ಬೆನ್ನು ಬಾಗಿಸಿದ.

ನಾನು ಪುಸ್ತಕ ತೆರೆದೆ. ಯಾವ ಪುಟವೆಂದು ನೋಡಲಿಲ್ಲ.

"ತಡಿ ಅಪ್ಪಾ. ಇಲ್ಲೊಂದು ಐತಿ," ಎಂದು ತರಗತಿಯಲ್ಲಿ ಓದುವ ಧ್ವನಿಯಲ್ಲಿ, ಒಂದೊಂದೇ ಮಾತು ಬಿಡಿಸಿ ಹೇಳಿದೆ. "ಮೊದಲನೇ ಸಲ ಎತ್ತಿದಾಗ ಯಾರ ಹೆಸರಿನ ಮ್ಯಾಲ ಯಂತ್ರ ತರಿಸ್ಯಾರೋ ಅವರು ಮೊದಲು ಗಾಡಿ ಕೆಳಗ ಹೋಗಿ ಐದು ನಿಮಿಷ ಮಲಗಿ ನೋಡಬೇಕು. ಬ್ಯಾರೆಯವರು ಮೊದಲು ಹೋದ್ರ ಗ್ಯಾರಂಟಿ ಇರಾದಿಲ್ಲ."

ಅಲ್ಲಿಯವರೆಗೆ ನಾನು ಓದಿ ಹೇಳಿದ ಒಂದು ಸಾಲಿನಲ್ಲೂ ಒಂದು ಪದ ಹೆಚ್ಚು ಕಡಿಮೆ ಮಾಡಿದವಳಲ್ಲ. ನಿಜವಾದ ಮೂರು ಷರತ್ತುಗಳಿಗೆ ಆ ಅಂಗಳದಲ್ಲಿ ಕವಡೆ ಕಿಮ್ಮತ್ತು ಸಿಗಲಿಲ್ಲ. ಸುಳ್ಳು ಷರತ್ತಿಗೆ ಎಲ್ಲರೂ ಸುಮ್ಮನಾದರು.

"ಯಾರ ಹೆಸರಿನ ಮ್ಯಾಲ ಐತಿ?" ಎಂದು ಕೇಳಿದ ಗದ್ವಾಲದವನು.

"ಕಾಕಾಂದು."

"ಹಂಗಾದ್ರ ಬಾವಾ, ನೀನ ಹೋಗಬೇಕು ನೋಡು. ನಮ್ಮ ಫ್ರಿಜ್ಜಿಗೆ ಹಿಂಗ ಆತು. ಪುಸ್ತಕದಾಗ ಇದ್ದಂಗ ಮಾಡಿಲ್ಲ ಅಂತ ಹೇಳಿ ಗ್ಯಾರಂಟಿ ಕೊಡಲೇ ಇಲ್ಲ ಅವರು. ಹೋಗು, ಹೋಗು. ಮಕ ಈ ಕಡೆ ಮಾಡಿ ಮಲಗು, ವಿಡಿಯೋದಾಗ ಬರಲಿ."

ಕಾಕಾ ಗಾಡಿಯ ಕೆಳಗಿನ ಜಾಗವನ್ನು ಆ ದಿನ ಮೊದಲ ಬಾರಿಗೆ ನೋಡಿದ. ಅಣ್ಣನಿಗೆ ಧಾರಾಳವಾಗಿ ಸಾಕೆಂದು ಅವನು ಬಗೆದಿದ್ದ ಜಾಗ ಅದು.

"ಪಂಚೆ ಕೆಡತೈತಿ," ಎಂದ.

"ತಾಟು ಹಾಸೈತಲ್ಲ," ಎಂದಳು ಅವ್ವ. ಅವ್ವ ನನ್ನ ಮುಖ ನೋಡಲಿಲ್ಲ. ಆದರೆ ಅವಳು ಕಾಕಾನಿಗೆ ಎದುರಾಡಿದ್ದನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ.

"ನನ್ನ ಮೊಣಕಾಲು ಬಗ್ಗಾದಿಲ್ಲ, ನಿಮಗ ಗೊತ್ತಿಲ್ಲೇನು? ಡಾಕ್ಟರು ಹೇಳ್ಯಾರ, ನೆಲದ ಮ್ಯಾಲ ಕುಂದ್ರಬ್ಯಾಡ ಅಂತ."

"ಕುಂದ್ರಬ್ಯಾಡ ಅಂದಾರ. ಮಲಗಬ್ಯಾಡ ಅಂದಿಲ್ಲಲ್ಲ," ಎಂದ ಗದ್ವಾಲದವನು. ಅವನಿಗೆ ಬಹಳ ಖುಷಿಯಾಗುತ್ತಿತ್ತು. ಅವನ ಮೇಲೆ ನನಗೆ ಗೌರವವೇನೂ ಹುಟ್ಟಲಿಲ್ಲ, ಆದರೆ ಆ ಹೊತ್ತಿಗೆ ಅವನು ಬೇಕಾಗಿದ್ದ.

ಅಪ್ಪ ಇನ್ನೂ ತಾಟಿನ ಮೇಲೆಯೇ ಕೂತಿದ್ದ. "ಅಪ್ಪಾ, ಕಾಕಾಗ ಜಾಗ ಬಿಡು," ಎಂದೆ. ಅವನು ಎದ್ದು ಪಕ್ಕಕ್ಕೆ ಬಂದ. ಅವನು ಎದ್ದದ್ದು, ನಾಲ್ಕು ಹೆಜ್ಜೆ ನಡೆದದ್ದು, ತುಳಸಿಕಟ್ಟೆಯ ಹತ್ತಿರ ನಿಂತದ್ದು ನನಗೆ ಇವತ್ತಿಗೂ ಬಿಡಿಬಿಡಿಯಾಗಿ ನೆನಪಿದೆ.

ಕಾಕಾ ಎಲ್ಲರ ಮುಖ ನೋಡಿದ. ಗೋಡೆಯಾಚೆಯ ತಲೆಗಳು ಹೆಚ್ಚಾಗಿದ್ದವು. "ಹೋಗಾಕ ನನಗೇನು ಭಯ?" ಎಂದ. "ಆದ್ರ ಮೊದಲ ಗಟ್ಟಿ ಕುಂತೈತೇನು ಅಂತ ನೋಡಬೇಕಲ್ಲ. ಅದು ಪದ್ಧತಿ."

ಅಣ್ಣನನ್ನು ಕಳಿಸುವಾಗ ಆ ಪದ್ಧತಿ ಅವನಿಗೆ ನೆನಪಾಗಿರಲಿಲ್ಲ. ಅವನು ಗಾಡಿಯ ಮುಂದೆ ಹೋಗಿ, ಎರಡೂ ಅಂಗೈಗಳನ್ನು ಬಾನೆಟ್ಟಿನ ಮೇಲಿಟ್ಟು, ಹಟ್ಟಿಯ ಬಾಗಿಲು ತಳ್ಳುವ ಹಾಗೆ ಒಮ್ಮೆ ತಳ್ಳಿದ. ಏನೂ ಆಗಲಿಲ್ಲ. ಅವನು ಧೈರ್ಯವಾಗಿ ನಕ್ಕು ಇನ್ನೊಮ್ಮೆ ತಳ್ಳಿದ.

ಹಿಂದಿನ ಎರಡು ರಬ್ಬರುಗಳಿಂದ ಚಾಸಿ ಜಾರಿತು. ಗಾಡಿಯ ಹಿಂಭಾಗ ಒಂದೇ ಏಟಿಗೆ ನೆಲಕ್ಕೆ ಬಿತ್ತು. ಕಲ್ಲು ಒಡೆದ ಸದ್ದಿಗೆ ಹಿತ್ತಲಿನ ಕುರಿಗಳೆಲ್ಲ ಒಟ್ಟಿಗೆ ಕೂಗಿದವು. ಎಡಗಡೆಯ ಚೌಕಟ್ಟು ವಾರೆಯಾಗಿ ಬಾಗಿ, ಗೋಣಿತಾಟಿನ ಮೇಲೆ ಒರಗಿ ಬಿತ್ತು. ತಾಟಿನ ಮೇಲೆ ಅಪ್ಪ ಬಿಟ್ಟುಬಂದಿದ್ದ ಸ್ಪ್ಯಾನರು ಅದರಡಿ ಸಿಕ್ಕಿಕೊಂಡಿತು. ಸಂಜೆ ಅದನ್ನು ಹಾರೆ ಹಾಕಿ ಮೀಟಿ ತೆಗೆದರು.

ಮರುಕ್ಷಣ ಕಾಕಾ ಎಲ್ಲಿದ್ದನೆಂಬುದು ಗದ್ವಾಲದವನ ವಿಡಿಯೋದಲ್ಲಿದೆ. ಅವ್ವನ ಹಿಂದೆ.

ಮೊದಲು ಬಾಯಿ ಬಿಟ್ಟವನು, ಸಹಜವಾಗಿ, ಅವನೇ.

"ನೋಡಿದ್ರ್ಯಾ? ನೋಡಿದ್ರ್ಯಾ ಬೀರಪ್ಪನ ಭಂಡಾರ? ಭಂಡಾರ ಹಚ್ಚಿದ್ದಿಲ್ಲಂದ್ರ ಇವತ್ತ ಏನಾಗತಿತ್ತು! ನಾನ ಹಚ್ಚೀನಿ, ನನ್ನ ಕೈಯಿಂದ."

ಪುಸ್ತಕದ ಆ ಪುಟ ತೆರೆದು ಅವನ ಕೈಗೆ ಕೊಡುತ್ತೇನೆಂದುಕೊಂಡಿದ್ದೆನಲ್ಲ, ಕೊಡಲಿಲ್ಲ. ಬಟ್ಟಲು ಎತ್ತಿಕೊಂಡು ಒಳಗೆ ಹೋಗಿ, ಉಳಿದ ಎಣ್ಣೆಯನ್ನು ಡಬ್ಬಿಗೆ ಸುರಿದು, ಬಟ್ಟಲು ತೊಳೆದಿಟ್ಟೆ.

ಆ ಮೇಲೆ ಕಾಕಾ ಈ ಕಥೆಯನ್ನು ಹೇಳದ ಊರಿಲ್ಲ. ನಮ್ಮ ಕಡೆಯ ಮದ್ದೂರಿನಲ್ಲಿ ಹೇಳಿದ್ದಾನೆ, ಧರೂರಿನ ಮದುವೆಯೊಂದರಲ್ಲಿ ಊಟದ ಪಂಕ್ತಿಯಲ್ಲಿ ಹೇಳಿದ್ದಾನೆ. ಅವನ ಕಥೆಯಲ್ಲಿ ಅವನು ಆಗಲೇ ಅರ್ಧ ಗಾಡಿಯ ಕೆಳಗೆ ಹೋಗಿರುತ್ತಾನೆ. ಮೈಯೆಲ್ಲ ಒಂದು ಸಲ ಝುಂ ಎನ್ನುತ್ತದೆ, ಹೊರಗೆ ಬರುತ್ತಾನೆ, ಗಾಡಿ ಬೀಳುತ್ತದೆ. ಯಾರಾದರೂ ಅನುಮಾನದಿಂದ ನೋಡಿದರೆ, "ಮಾಲೀಕ ಮೊದಲ ಹೋಗಬೇಕಂತ ಪುಸ್ತಕದಾಗ ರೂಲ್ ಐತ್ರಿ. ನಮ್ಮ ಹುಡಿಗಿ ಎಂ.ಎಸ್ಸಿ. ಓದ್ಯಾಳ, ಕೇಳ್ರಿ," ಎನ್ನುತ್ತಾನೆ. ಮನೆಗೆ ಬಂದವರಿಗೆ ತೋರಿಸೆಂದು ನನ್ನನ್ನು ಕರೆಯುತ್ತಾನೆ. ನಾನು ಪುಸ್ತಕ ತಂದು ಒಂದು ಪುಟ ತೆರೆದು ತೋರಿಸುತ್ತೇನೆ. ಅದರಲ್ಲಿರುವುದು ಮೋಟಾರಿನ ಎಣ್ಣೆ ಬದಲಿಸುವ ವಿಧಾನ. ಬಂದವರು ಕನ್ನಡಕ ಸರಿಮಾಡಿಕೊಂಡು ನೋಡಿ, ಹೌದು ಹೌದು ಎನ್ನುತ್ತಾರೆ. ಬಾಗಿದ ಚೌಕಟ್ಟಿನ ಮೇಲೆ ಈಗ ಕಂಬಳಿ ಒಣಹಾಕುತ್ತೇವೆ. ಇನ್ನೊಂದನ್ನು ಕಾಕಾ ಗದ್ವಾಲಕ್ಕೆ ಉಡುಗೊರೆಯಾಗಿ ಕಳಿಸಿದ. ಒಂದರಿಂದ ಅವನು ಏನು ಮಾಡುತ್ತಾನೆಂದು ಕಳಿಸಿದವನೂ ಕೇಳಲಿಲ್ಲ, ಇಸಿದುಕೊಂಡವನೂ ಕೇಳಲಿಲ್ಲ.

ಗೇರ್ ಬಾಕ್ಸು ಸೋರುತ್ತಲೇ ಇತ್ತು. ಮುಂದಿನ ವಾರ ಅಪ್ಪ ಗಾಡಿಯನ್ನು ರಾಯಚೂರಿಗೆ ಒಯ್ದ. ನನಗೆ ರಜೆ ಇತ್ತು, ಜೊತೆಗೆ ಹೋದೆ. ಕಾಕಾ ಬರಲಿಲ್ಲ, ಮೊಣಕಾಲು ನೋವು ಎಂದ. ಮೇಸ್ತ್ರಿ ಗಾಡಿಯನ್ನು ಗುಂಡಿಯ ಮೇಲೆ ನಿಲ್ಲಿಸಿಕೊಂಡು, ಕೆಳಗಿಳಿದು, ಒಂದು ತಾಸಿನಲ್ಲಿ ಸೀಲು ಬದಲಿಸಿದ. ಚಾಸಿಗೆ ಅಂಟಿದ್ದ ಹಳದಿ ಬಣ್ಣವನ್ನು ಬೆರಳಿನಿಂದ ಮುಟ್ಟಿ ಮೂಸಿ ನೋಡಿದ. ಅಪ್ಪನ ಕಡೆ ನೋಡಿದ. ಚಿಂದಿಯಿಂದ ಒರೆಸಿದ.

ತಿರುಗಿ ಬರುವಾಗ ಸೇತುವೆಯ ಮೇಲೆ ಅಪ್ಪ ಕೇಳಿದ, ರಸ್ತೆಯಿಂದ ಕಣ್ಣು ತೆಗೆಯದೆ.

"ಆ ಮಾಲೀಕ ಮೊದಲ ಹೋಗಬೇಕನ್ನೋ ಮಾತು, ಅದು ಪುಸ್ತಕದಾಗ ಐತೇನವಾ?"

"ಇಲ್ಲಪ್ಪ."

ಸೇತುವೆ ಮುಗಿಯಿತು. ಆಚೆ ದಡದಲ್ಲಿ ಅವನು ಗೇರು ಬದಲಿಸಿದ. ಈಗ ಅದು ಸದ್ದಿಲ್ಲದೆ ಬಿತ್ತು.

"ನಿಮ್ಮ ಕಾಕಾಗ ಹೇಳಬ್ಯಾಡ," ಎಂದ. "ಗ್ಯಾರಂಟಿ ಹೋಗತೈತಿ."